ಮನುಷ್ಯಳಿಗೂ ರಾಕ್ಷಸನಿಗೂ ಪ್ರೀತಿ: ಅಡ್ಡಿ ಎಲ್ಲಿರಬೇಕು?

ಪ್ರಶ್ನೆ: ನಾನು ಕಲಬುರಗಿಯವನು. ಒಂದು ಫ್ಯಾಂಟಸಿ ಕಾದಂಬರಿ ಬರೆಯುತ್ತಿದ್ದೇನೆ. ಮನುಷ್ಯ ಕುಲದ ಹುಡುಗಿ, ರಾಕ್ಷಸ ಕುಲದ ಹುಡುಗ, ಇಬ್ಬರ ನಡುವೆ ನಿಷಿದ್ಧ ಪ್ರೀತಿ. ಓದಿದ ಗೆಳೆಯರು "ಇಬ್ಬರೂ ಓಡಿಹೋದರೆ ಮುಗೀತಲ್ಲ, ಕಥೆ ಎಲ್ಲಿದೆ?" ಅನ್ನುತ್ತಾರೆ. ನಿಷೇಧ ಗಟ್ಟಿ ಅನ್ನಿಸಬೇಕಾದರೆ ಏನು ಮಾಡಬೇಕು? ಕೊನೆಗೆ ರಾಕ್ಷಸ ಮನುಷ್ಯನಾಗಿಬಿಟ್ಟರೆ ಸರಿಹೋಗುತ್ತದೆಯೇ?

ಉತ್ತರ:

ನಿಮ್ಮ ಗೆಳೆಯರು ಸರಿಯಾದ ಜಾಗಕ್ಕೇ ಬೊಟ್ಟು ಮಾಡಿದ್ದಾರೆ ನೋಡ್ರಿ. ಓಡಿಹೋದರೆ ಮುಗಿಯುವ ಹಾಗಿದ್ದರೆ ಅದು ನಿಷೇಧವಲ್ಲ, ಮನೆಯವರ ಸಿಟ್ಟು ಅಷ್ಟೇ. ನಾನು ಬೀದರಿನಲ್ಲಿ ಪಿಯು ಮಕ್ಕಳಿಗೆ ಕನ್ನಡ ಪಾಠ ಮಾಡುವವಳು. ಇಂಥ ಕಥೆ ಬರೆದು ತೋರಿಸುವ ಹುಡುಗ ಹುಡುಗಿಯರು ಪ್ರತಿ ವರ್ಷ ಇರುತ್ತಾರೆ. ಎಲ್ಲರೂ ಕೋರೆಹಲ್ಲು, ಕೊಂಬು, ಶಾಪಗಳ ಮೇಲೆ ಪುಟಗಟ್ಟಲೆ ಬರೆದಿರುತ್ತಾರೆ, ಕರಾರಿನ ಬಗ್ಗೆ ಒಂದು ಸಾಲೂ ಇರುವುದಿಲ್ಲ. ನಿಮಗೆ ನಾನು ಹೇಳುವುದೂ ಅದನ್ನೇ: ಎರಡು ಕುಲಗಳ ನಡುವೆ ಆಗಿರುವ ಕರಾರನ್ನು ಮೊದಲು ಬರೆದುಕೊಳ್ಳಿ. ಯಾರು ಯಾರಿಗೆ ಏನು ಬಿಟ್ಟುಕೊಟ್ಟಿದ್ದಾರೆ, ಯಾವ ಹೊತ್ತಿನ ತನಕ, ಮೀರಿದರೆ ದಂಡ ಯಾರ ತಲೆಗೆ. ಇಷ್ಟು ನಿಮಗೆ ಖಚಿತವಾಗಿ ಗೊತ್ತಿದ್ದರೆ ಪ್ರೀತಿಗೆ ತಾನಾಗಿಯೇ ಬಿಸಿ ಬರುತ್ತದೆ.

ಹಿಡಿಂಬೆಯ ಪ್ರಸಂಗವನ್ನು ಈ ಕಣ್ಣಿನಿಂದ ಇನ್ನೊಮ್ಮೆ ಓದಿ. ಅರಗಿನ ಮನೆಯಿಂದ ತಪ್ಪಿಸಿಕೊಂಡ ಪಾಂಡವರು ಕಾಡಿನಲ್ಲಿ ಮಲಗಿದ್ದಾರೆ, ಭೀಮ ಒಬ್ಬನೇ ಎಚ್ಚರ. ಹಿಡಿಂಬನಿಗೆ ನರವಾಸನೆ ಬಡಿಯುತ್ತದೆ. ಅವರನ್ನು ಕೊಂದು ತಾ ಎಂದು ತಂಗಿಯನ್ನು ಕಳಿಸುತ್ತಾನೆ. ಬಂದವಳು ಭೀಮನನ್ನು ನೋಡಿ ನಿಂತುಬಿಡುತ್ತಾಳೆ. ಇಲ್ಲಿಯ ತನಕ ಯಾರು ಬೇಕಾದರೂ ಬರೆದಾರು. ಮುಂದಿನದು ದೊಡ್ಡದು. ಭೀಮ ಅವಳ ಅಣ್ಣನನ್ನು ಕೊಲ್ಲುತ್ತಾನೆ. ಕೊಂದವನು ಇವಳ ಕಡೆ ತಿರುಗಿ, ನಿಮ್ಮ ಕುಲ ಹಗೆ ಮರೆಯುವುದಿಲ್ಲ, ನೀನೂ ಅಣ್ಣನ ದಾರಿ ಹಿಡಿ ಎನ್ನುತ್ತಾನೆ. ತನ್ನವನಿಗಾಗಿ ಅಣ್ಣನನ್ನೇ ಕಳಕೊಂಡವಳಿಗೆ ಸಿಕ್ಕ ಮೊದಲ ಮಾತು ಅದು! ಧರ್ಮರಾಜ ತಡೆಯುತ್ತಾನೆ. ಆಕೆ ಕುಂತಿಯ ಮುಂದೆ ನಿಂತು ಬೇಡುತ್ತಾಳೆ. ಆಮೇಲೆ ಬರುತ್ತದೆ ಕರಾರು. ಹಗಲು ಭೀಮನ ಜೊತೆ ಎಲ್ಲಿಗೆ ಬೇಕಾದರೂ ಹೋಗು, ರಾತ್ರಿಯಾಗುವುದರೊಳಗೆ ಕರೆತಂದು ಒಪ್ಪಿಸು ಎಂದು ಧರ್ಮರಾಜ. ಮಗ ಹುಟ್ಟುವ ತನಕ ಮಾತ್ರ ಎಂದು ಭೀಮ.

ರಾಕ್ಷಸರಿಗೆ ಬಲ ಏರುವುದು ಕತ್ತಲಾದ ಮೇಲೆ. ಕರಾರು ಆಕೆಯಿಂದ ಕಿತ್ತುಕೊಂಡದ್ದು ಸರಿಯಾಗಿ ಆ ಕತ್ತಲನ್ನೇ. ಸಣ್ಣವಳಿದ್ದಾಗ ಆಳಂದ ಕಡೆಯ ನಮ್ಮೂರಲ್ಲಿ ಬಯಲಾಟದೊಳಗೆ ಈ ಪ್ರಸಂಗ ನೋಡಿದ್ದೆ. ಹಿಡಿಂಬೆಯ ವೇಷ ಹಾಕಿದವರು ಗಂಡಸರು, ದನಿಯೂ ಒರಟು. ಆದರೂ ಭೀಮನನ್ನು ಒಪ್ಪಿಸಿ ಆಕೆ ಹೊರಳಿದಾಗ ನನ್ನ ಪಕ್ಕದಲ್ಲಿದ್ದ ಆಯಿ, "ಅಡವ್ಯಾಗ ರಾತ್ರಿಯೆಲ್ಲ ಒಬ್ಬಾಕೀನೇ ಹ್ಯಾಂಗ ಇರ್ತಾಳವ್ವ" ಅಂದಿದ್ದಳು. ರಾಕ್ಷಸಿಗೆ ಅಡವಿಯಲ್ಲಿ ಎಂಥ ಹೆದರಿಕೆ ಎಂದು ಯಾರೂ ಕೇಳಲಿಲ್ಲ. ಹೊತ್ತು ಮುಳುಗುವ ಒಂದು ಷರತ್ತು ಆ ಹೆಂಗಸರಿಗೆಲ್ಲ ಆಕೆಯ ಒಂಟಿತನವನ್ನು ತಿಳಿಸಿಬಿಟ್ಟಿತ್ತು. ನಿಮ್ಮ ಕಾದಂಬರಿಗೂ ಅಂಥದ್ದೊಂದು ಷರತ್ತು ಬೇಕು, ಪ್ರತಿ ದಿನ ಪಾಲಿಸಬೇಕಾದದ್ದು, ಪಾಲಿಸಿದಾಗಲೆಲ್ಲ ನೋಯುವಂಥದ್ದು.

ಕರಾರಿನ ಬೆಲೆ ಕೊನೆಗೆ ಯಾರು ತೆತ್ತರು? ಘಟೋತ್ಕಚ. ಯುದ್ಧದ ಹದಿನಾಲ್ಕನೆಯ ದಿನದ ರಾತ್ರಿ, ಅರ್ಜುನನಿಗೆಂದೇ ಕಾಯ್ದಿಟ್ಟಿದ್ದ ಇಂದ್ರನ ಶಕ್ತ್ಯಾಯುಧವನ್ನು ಕರ್ಣ ಅವನ ಮೇಲೆ ಬಿಡುತ್ತಾನೆ. ಪಾಂಡವರು ಅಳುತ್ತಿದ್ದರೆ ಕೃಷ್ಣ ಹಿಗ್ಗುತ್ತಾನೆ. ಇವನು ಯಜ್ಞಗಳ ಹಗೆ, ಕರ್ಣ ಕೊಲ್ಲದಿದ್ದರೆ ನಾನೇ ಕೊಲ್ಲಬೇಕಾಗುತ್ತಿತ್ತು ಎಂದೂ ಹೇಳುತ್ತಾನೆ. ಆ ಭಾಗವನ್ನು ಪಾಠ ಮಾಡುವಾಗ ನನಗೆ ಇವತ್ತಿಗೂ ಗಂಟಲು ಕಟ್ಟುತ್ತದೆ. ಸೊಸೆಗೆ ಅರಮನೆಯಲ್ಲಿ ಜಾಗ ಕೊಡದವರು ಮಗನನ್ನು ಮಾತ್ರ ಯುದ್ಧಕ್ಕೆ ಕರೆದರು. ನಿಮ್ಮ ಪ್ರೇಮಿಗಳಿಗೆ ಮಗು ಹುಟ್ಟಿದರೆ ಯಾರ ಮನೆಯಲ್ಲಿ ಬೆಳೆಯಬೇಕು, ಎರಡು ಕುಲಗಳು ಯುದ್ಧಕ್ಕೆ ನಿಂತರೆ ಯಾವ ಕಡೆ ನಿಲ್ಲಬೇಕು ಎಂಬುದೂ ಕರಾರಿನೊಳಗೇ ಇರಲಿ.

ಈಗ "ಓಡಿಹೋದರೆ ಮುಗೀತಲ್ಲ" ಎಂಬ ಮಾತಿಗೆ ಬರೋಣ. ಇದಕ್ಕೆ ಉತ್ತರ ನಮ್ಮ ಬಸವಕಲ್ಯಾಣದಲ್ಲೇ ಇದೆ. ಆರನೆಯ ವಿಕ್ರಮಾದಿತ್ಯ ಕಲ್ಯಾಣದಿಂದ ಆಳಿದ್ದು 1076ರಿಂದ 1126ರವರೆಗೆ. ಅವನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ. ಕಲಬುರಗಿ ಜಿಲ್ಲೆಯ ಮರತೂರು ಅವನ ಊರು ಎಂದು ನಮ್ಮ ಕಡೆ ಹೆಮ್ಮೆಯಿಂದ ಹೇಳುತ್ತಾರೆ. ಆ ಸ್ಮೃತಿ ಎಂಟು ಬಗೆಯ ಮದುವೆಗಳನ್ನು ಹೇಳುತ್ತದೆ. ಹಣ ಕೊಟ್ಟು ಹೆಣ್ಣು ತಂದರೆ ಆಸುರ, ಬಡಿದಾಡಿ ಹೊತ್ತೊಯ್ದರೆ ರಾಕ್ಷಸ, ಇಬ್ಬರೂ ಒಪ್ಪಿ ಕೂಡಿದರೆ ಗಾಂಧರ್ವ. ಹೊತ್ತೊಯ್ದದ್ದಕ್ಕೂ ಮದುವೆ ಎಂಬ ಹೆಸರುಂಟು, ಗಮನಿಸಿ. ವಿಕ್ರಮಾದಿತ್ಯನ ಕಾಲ ಮುಗಿದು ಸುಮಾರು ನಾಲ್ಕು ದಶಕಗಳಿಗೆ, ಬಿಜ್ಜಳನ ಆಳ್ವಿಕೆಯಲ್ಲಿ, ಅದೇ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣನಾಗಿದ್ದು ಶರಣನಾದ ಮಧುವರಸನ ಮಗಳಿಗೂ ಲಗ್ನವಾಯಿತು. ಎರಡೂ ಕಡೆಯ ತಂದೆಯರು ಒಪ್ಪಿ, ಶರಣರೆಲ್ಲ ಹರಸಿದ ಲಗ್ನ ಅದು. ಅದನ್ನು ರಾಜ್ಯ ತಾಳಲಿಲ್ಲ. ಹರಳಯ್ಯನಿಗೂ ಮಧುವರಸನಿಗೂ ಎಳೆಹೂಟೆಯ ಶಿಕ್ಷೆ ಆಯಿತು, ಆನೆಯ ಕಾಲಿಗೆ ಕಟ್ಟಿ ಎಳೆಸಿದರು ಎಂದು ಶರಣರ ಕಥೆಗಳು ಹೇಳುತ್ತವೆ. ಬಿಜ್ಜಳನ ಕೊಲೆಯಾಯಿತು, ಶರಣರು ಚದುರಿ ಕೆಲವರು ದೂರದ ಉಳವಿಯ ತನಕ ಹೋದರು.

ಇದರಲ್ಲಿ ದಂಡ ಬಿದ್ದದ್ದು ಎಲ್ಲಿ ನೋಡಿ. ತಂದೆಯರ ಮೇಲೆ, ಆಮೇಲೆ ಹರಸಿದವರ ಮೇಲೆ, ಕೊನೆಗೆ ಇಡೀ ಊರಿನ ಮೇಲೆ. ಮದುಮಕ್ಕಳು ಆ ರಾತ್ರಿಯೇ ಊರು ಬಿಟ್ಟಿದ್ದರೂ ಹರಳಯ್ಯ ಉಳಿಯುತ್ತಿರಲಿಲ್ಲ. ನಿಮ್ಮ ಹುಡುಗಿಗೆ ಓಡಿಹೋಗಲು ದಾರಿ ಇರಲಿ, ಗುಡ್ಡದ ಆಚೆ ಒಂದು ಸುರಕ್ಷಿತ ಊರೂ ಇರಲಿ. ತಾನು ಹೋದರೆ ಹಿಂದೆ ಯಾರು ಆನೆಯ ಕಾಲಿಗೆ ಬೀಳುತ್ತಾರೆ ಎಂಬುದು ಅವಳಿಗೆ ಹೆಸರು ಸಮೇತ ಗೊತ್ತಿರಲಿ. ಆಗ ಗೆಳೆಯರು ಆ ಪ್ರಶ್ನೆ ಕೇಳುವುದಿಲ್ಲ.

ಆದರೆ ಇಲ್ಲೇ ಒಂದು ಮಾತನ್ನು ಖಡಾಖಂಡಿತವಾಗಿ ಹೇಳಬೇಕು. ಕಲ್ಯಾಣದ ಕಥೆ ಕೇಳಿದ ಕೂಡಲೇ "ಹಾಗಾದರೆ ನನ್ನ ರಾಕ್ಷಸರು ಎಂದರೆ ತುಳಿತಕ್ಕೊಳಗಾದ ಜಾತಿಯವರು" ಎಂದು ಬರೆಯಬೇಡಿ. ಬಹಳ ಮಂದಿ ಒಳ್ಳೆಯ ಮನಸ್ಸಿನಿಂದಲೇ ಹಾಗೆ ಮಾಡುತ್ತಾರೆ. ಹರಳಯ್ಯನ ಮನೆಯಿಂದ ಯಾರಿಗೂ ಯಾವ ಅಪಾಯವೂ ಇರಲಿಲ್ಲ. ಅಲ್ಲಿನ ಹೆದರಿಕೆ ಪೂರ್ತಿ ಸುಳ್ಳು, ಅಧಿಕಾರದವರು ಹುಟ್ಟಿಸಿದ್ದು. ನಿಮ್ಮ ರಾಕ್ಷಸರೋ ನಿಜವಾಗಿ ಮನುಷ್ಯರನ್ನು ತಿನ್ನುವವರು. ಎರಡನ್ನೂ ಒಂದೇ ಎಂದು ಇಟ್ಟರೆ, ಕೀಳು ಎಂದು ದೂರ ಇಟ್ಟವರ ವಾದವನ್ನೇ ನೀವು ಒಪ್ಪಿಕೊಂಡಂತಾಗುತ್ತದೆ. ಕಲ್ಯಾಣದಿಂದ ಶಿಕ್ಷೆಯ ದಾರಿಯನ್ನು ಮಾತ್ರ ಕಲಿಯಿರಿ. ರಾಕ್ಷಸರು ರಾಕ್ಷಸರಾಗಿಯೇ ಇರಲಿ, ಅವರ ಹಸಿವು ನಿಜದ ಹಸಿವಾಗಿರಲಿ. ಹುಡುಗಿ ಕದ್ದು ತಂದ ಜೋಳದ ರೊಟ್ಟಿ ಪುಂಡಿಪಲ್ಯವನ್ನು ಅವನು ಪ್ರೀತಿಯಿಂದ ತಿನ್ನಲಿ, ಆದರೆ ಹೊಟ್ಟೆ ತುಂಬದಿರಲಿ. ತುಂಬಲಿಲ್ಲ ಎಂದು ಅವಳಿಗೆ ಗೊತ್ತಾಗಲಿ. ಆ ಒಂದು ದೃಶ್ಯವನ್ನು ನಿಧಾನವಾಗಿ, ನಾಲ್ಕೈದು ಪುಟ ಬರೆಯಿರಿ.

ನಿಷೇಧ ಹಾಕುವವರ ಮನೆಯನ್ನೂ ಸ್ವಲ್ಪ ಕೆದಕಿ. ಅಸುರರ ರಾಜ ವೃಷಪರ್ವನ ಮಗಳು ಶರ್ಮಿಷ್ಠೆ ದೇವಯಾನಿಯ ದಾಸಿಯಾಗಿ ಯಯಾತಿಯ ಅರಮನೆಗೆ ಬರುತ್ತಾಳೆ. ಅವಳನ್ನು ಹಾಸಿಗೆಗೆ ಕರೆಯಬಾರದು ಎಂಬುದು ಯಯಾತಿಗೆ ಶುಕ್ರಾಚಾರ್ಯ ಹಾಕಿದ ಷರತ್ತು, ಮತ್ತೆ ಕರಾರೇ! ಮೀರಿದ್ದಕ್ಕೆ ಮುಪ್ಪಿನ ಶಾಪ ಬಿತ್ತು. ತನ್ನ ಹರೆಯ ಕೊಟ್ಟು ತಂದೆಯ ಮುಪ್ಪನ್ನು ಹೊತ್ತವನು ಶರ್ಮಿಷ್ಠೆಯ ಕಿರಿಮಗ ಪೂರು. ಆ ಪೂರುವಿನ ವಂಶದಲ್ಲೇ ಭರತ, ಕುರು, ಕಡೆಗೆ ಧರ್ಮರಾಜ. ಎಂದರೆ ಹಿಡಿಂಬೆಗೆ ಹೊತ್ತಿನ ಷರತ್ತು ಹಾಕಿದ ಮನೆತನದ ಮೂಲದಲ್ಲೇ ಒಬ್ಬ ಅಸುರ ಅಜ್ಜಿ ಇದ್ದಾಳೆ. ನಿಮ್ಮ ಕಥೆಯಲ್ಲಿ ಅತಿ ಕಠಿಣವಾಗಿ ಮಾತಾಡುವ ಹಿರಿಯನ ವಂಶಾವಳಿಯಲ್ಲಿ ಅಂಥ ಅಜ್ಜಿಯೊಬ್ಬಳನ್ನು ಇಡಿ. ಅವನಿಗೆ ಅದು ಗೊತ್ತಿರಲಿ, ಊರಿಗೆ ಗೊತ್ತಿರದಿರಲಿ. ಬಾಣಾಸುರನ ಮಗಳು ಉಷೆ, ಕೃಷ್ಣನ ಮೊಮ್ಮಗ ಅನಿರುದ್ಧ, ಇವರ ಪ್ರೀತಿಯ ಕಥೆಯೂ ಓದಲು ಚಂದವೇ, ಆದರೆ ಅದು ಬೇಗ ಕೃಷ್ಣನಿಗೂ ಶಿವನಿಗೂ ನಡೆಯುವ ಯುದ್ಧವಾಗಿಬಿಡುತ್ತದೆ, ಪ್ರೇಮಿಗಳು ಮೂಲೆಗೆ ಸರಿಯುತ್ತಾರೆ. ನಿಮಗೆ ಅಷ್ಟು ಉಪಯೋಗಕ್ಕೆ ಬರಲಿಕ್ಕಿಲ್ಲ.

ಕರಾರಿಗೆ ವಸ್ತು ಏನು ಎಂದು ಕೇಳಿದರೆ ನಾನು ನೀರು ಅನ್ನುತ್ತೇನೆ. ಕಲಬುರಗಿಯ ಬ್ಯಾಸಗಿ ಕಂಡವರಿಗೆ ಬೇರೆ ವಿವರಣೆ ಬೇಡ. ಬೀದರಿಗೆ ಬಂದಾಗ ನೌಬಾದಿನ ಕರೇಜ್ ನೋಡಿ. ಬಹಮನಿ ಕಾಲದಲ್ಲಿ ಪರ್ಷಿಯಾದ ಪದ್ಧತಿಯಂತೆ ಕೆಂಪು ಜಂಬಿಟ್ಟಿಗೆ ಕಲ್ಲು ಕೊರೆದು ನೆಲದಡಿ ಮಾಡಿದ ಸುರಂಗ ಕಾಲುವೆ ಅದು. ಮೇಲೆ ಸಾಲಾಗಿ ಬಾವಿಯ ಹಾಗೆ ಬಾಯಿಗಳು, ಒಳಗೆ ಗಾಳಿ ಬೆಳಕು ಇಳಿಯಲಿಕ್ಕೆ. ನಿಮ್ಮ ಲೋಕದಲ್ಲಿ ಇಂಥದ್ದನ್ನು ರಾಕ್ಷಸರು ಕೊರೆದಿದ್ದಾರೆ ಅಂದುಕೊಳ್ಳಿ. ಕೋಟೆಯ ಮಂದಿ ಕುಡಿಯುವುದು ಅವರು ಹರಿಸುವ ನೀರು. ಕರಾರಿನ ಪ್ರಕಾರ ಹಗಲು ಬಾವಿಬಾಯಿ ಮನುಷ್ಯರದು, ಕತ್ತಲಾದ ಮೇಲೆ ಅವರದು. ಒಬ್ಬರ ನೆರಳು ಇನ್ನೊಬ್ಬರ ಹೊತ್ತಿನಲ್ಲಿ ಅಲ್ಲಿ ಬೀಳಬಾರದು, ಬಿದ್ದರೆ ನೀರು ನಿಲ್ಲುತ್ತದೆ. ಹುಡುಗಿ ಮುಸ್ಸಂಜೆಯಲ್ಲಿ ಕೊಡ ಇಳಿಬಿಟ್ಟಾಗ ಕೆಳಗಿನಿಂದ ಯಾರೋ ಹಗ್ಗ ಹಿಡಿಯುತ್ತಾರೆ. ಅಲ್ಲಿಂದ ಮುಂದೆ ಅವರ ಒಂದೊಂದು ಭೇಟಿಗೂ ಮೇಲಿನ ಊರಲ್ಲಿ ಒಂದು ಕೇರಿ ಬತ್ತುತ್ತದೆ. ಮೊದಲು ಬತ್ತುವುದು ಯಾರ ಕೇರಿ ಎಂದು ಯೋಚಿಸಿ, ನಮ್ಮ ಊರುಗಳಲ್ಲಿ ನೀರು ಮೊದಲು ಯಾರಿಗೆ ತಪ್ಪುತ್ತದೋ ಅವರದೇ. ಪ್ರೀತಿಸುವ ಹುಡುಗಿಗೆ ಅದನ್ನು ಕಾಣುವ ಕಣ್ಣಿರಲಿ.

ಇನ್ನು ಕೊನೆಗೆ ರಾಕ್ಷಸ ಮನುಷ್ಯನಾಗುವ ವಿಚಾರ. ಬೇಡ. ದಯವಿಟ್ಟು ಬೇಡ. ಅವನು ಮನುಷ್ಯನಾದ ಕ್ಷಣ, ಅವನಂಥವನನ್ನು ಪ್ರೀತಿಸಬಾರದು ಎಂದವರೆಲ್ಲ ಗೆದ್ದಂತೆ. ಹುಡುಗಿ ಇಷ್ಟು ದಿನ ಪ್ರೀತಿಸಿದವನು ಇಲ್ಲವಾದಂತೆ. ಬೀದರಿನ ಝರಣಿ ನರಸಿಂಹನ ಗುಹೆಗೆ ಹೋಗಿ ಬಂದಿದ್ದೀರೋ ಇಲ್ಲವೋ, ಅಲ್ಲಿಯ ಸ್ಥಳಪುರಾಣ ಕೇಳಿ. ನರಸಿಂಹ ಝರಾಸುರನನ್ನು ಕೊಲ್ಲುತ್ತಾನೆ. ಸಾಯುವ ಅಸುರ, ನೀನು ಇಲ್ಲೇ ನೆಲೆಸು ಎಂದು ಬೇಡುತ್ತಾನೆ. ದೇವರು ಒಪ್ಪುತ್ತಾನೆ, ಅಸುರ ನೀರಾಗಿ ಅವನ ಪಾದದಡಿ ಹರಿಯುತ್ತಾನೆ. ಇವತ್ತಿಗೂ ಭಕ್ತರು ಎದೆಮಟ್ಟದ ಆ ನೀರಿನಲ್ಲಿ, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು, ಬಾವಲಿಗಳ ಕೆಳಗೆ ನಡೆದು ದೇವರ ಹತ್ತಿರ ಹೋಗುತ್ತಾರೆ. ಅಸುರನನ್ನು ಹಾಯದೆ ದೇವರಿಲ್ಲ. ಮೈಲಾರಲಿಂಗನ ಕಥೆಯಲ್ಲೂ ಹೀಗೇ, ಸಾಯುವ ಹೊತ್ತಿಗೆ ದೇವರ ಪಕ್ಕ ಜಾಗ ಬೇಡಿ ಪಡೆದ ದೈತ್ಯನಿದ್ದಾನೆ. ನಮ್ಮ ಹಿಂದಿನವರು ಅಸುರನನ್ನು ತಿದ್ದಿ ಮನುಷ್ಯನನ್ನಾಗಿ ಮಾಡಲಿಲ್ಲ, ಅವನಿಗೆ ಅವನದೇ ಜಾಗ ಕೊಟ್ಟರು. ಆದರೆ ಸತ್ತ ಮೇಲೆ ಕೊಟ್ಟರು. ನೀವು ಬದುಕಿದ್ದಾಗಲೇ ಕೊಡಿಸಿ.

ಅದಕ್ಕೆ ಕೊನೆಯ ಅಧ್ಯಾಯಗಳಲ್ಲಿ ಒಂದು ಪಂಚಾಯ್ತಿ ಬೇಕಾಗುತ್ತದೆ. ಮೇಲಿನವರೂ ಕೆಳಗಿನವರೂ ಬಾವಿಬಾಯಿಯ ಸುತ್ತ ಕೂತು ಕರಾರಿನ ಒಂದು ಸಾಲು ಬದಲಿಸುವುದು, ಇಡೀ ಕರಾರನ್ನಲ್ಲ, ಒಂದೇ ಸಾಲು. ಮೊದಲ ಮಾತು ರಾಜನ ಬಾಯಿಗೆ ಕೊಡಬೇಡಿ, ಹುಡುಗಿಯ ತಾಯಿಗೆ ಕೊಡಿ. ಹಿಡಿಂಬೆ ಬೇಡಿಕೊಂಡದ್ದು ಕುಂತಿಯ ಮುಂದೆ ಎಂಬುದು ನೆನಪಿರಲಿ. ಆ ತಾಯಿಗೆ ಮಗಳ ಮೇಲೆ ಸಿಟ್ಟಿದೆ, ರಾಕ್ಷಸನ ಹೆದರಿಕೆಯಿದೆ, ಮನೆಯಲ್ಲಿ ಕುಡಿಯುವ ನೀರಿಲ್ಲ. ಅವಳು ಏನು ಹೇಳಿದಳು ಎಂದು ಬರೆದ ಮೇಲೆ ಆ ಅಧ್ಯಾಯವನ್ನು ಇಲ್ಲೇ ಹಾಕಿ, ಓದಿ ಹೇಳುತ್ತೇನೆ.