ನೆರೆಯ ಅಣುಸ್ಥಾವರವನ್ನು ಹಕೊಡಾಟೆ ನಗರಸಭೆ ವಿರೋಧಿಸುತ್ತಿರುವುದೇಕೆ?

ಅಪಘಾತವಾದರೆ ಜನರನ್ನು ತೆರವುಗೊಳಿಸುವ ಹೊಣೆ ತನ್ನ ಮೇಲೂ ಬೀಳುತ್ತದೆ, ಆದರೆ ಸ್ಥಾವರ ಬೇಕೋ ಬೇಡವೋ ಎಂದು ಹೇಳುವ ಹಕ್ಕು ತನಗಿಲ್ಲ ಎಂಬುದೇ ಜಪಾನಿನ ಹಕೊಡಾಟೆ ನಗರದ ಮುಖ್ಯ ಆಕ್ಷೇಪ. ನಿರ್ಮಾಣ ಹಂತದಲ್ಲಿರುವ ಈ ಓಮಾ ಅಣುಸ್ಥಾವರವು ಸುಗರು ಜಲಸಂಧಿಯ ಆಚೆ, ಬೇರೊಂದು ಪ್ರಾಂತ್ಯದಲ್ಲಿದೆ. ಆದರೂ ನಗರದ ಅತಿ ಸಮೀಪದ ಭಾಗಕ್ಕೂ ಅದಕ್ಕೂ ಇರುವ ಅಂತರ ಸುಮಾರು 23 ಕಿ.ಮೀ. ಮಾತ್ರ, ನಡುವೆ ಇರುವುದು ಬರೀ ನೀರು.

2011ರ ಫುಕುಶಿಮಾ ದುರಂತದಲ್ಲಿ ಸ್ಥಾವರದಿಂದ ಸುಮಾರು 40 ಕಿ.ಮೀ. ದೂರದ ಈಟಾಟೆ ಗ್ರಾಮವನ್ನೂ ಖಾಲಿ ಮಾಡಿಸಬೇಕಾಯಿತು, ಏಕೆಂದರೆ ಗಾಳಿ ಮತ್ತು ಮಳೆ ವಿಕಿರಣಶೀಲ ಕಣಗಳನ್ನು ಅಲ್ಲಿಗೆ ಒಯ್ದಿದ್ದವು. ಬಳಿಕ ಜಪಾನ್ ಸರ್ಕಾರವು ತುರ್ತು ಸಿದ್ಧತೆಯ ವಲಯವನ್ನು ಹಿಂದಿನ 8–10 ಕಿ.ಮೀ.ಯಿಂದ ಸುಮಾರು 30 ಕಿ.ಮೀ.ಗೆ ವಿಸ್ತರಿಸಿತು. ಹೀಗೆ ಅದರೊಳಗೆ ಬಂದ ಊರುಗಳು ತೆರವು ಯೋಜನೆಯನ್ನು ರೂಪಿಸಲೇಬೇಕಾಯಿತು. ಆದರೆ ಒಪ್ಪಿಗೆ ಕೇಳುವ ಪದ್ಧತಿ (ಇದು ಕಾನೂನಲ್ಲ, ರೂಢಿ) ಬಹುತೇಕ ಸ್ಥಾವರವಿರುವ ಊರು ಮತ್ತು ಪ್ರಾಂತ್ಯಕ್ಕೇ ಸೀಮಿತವಾಗಿ ಉಳಿಯಿತು. ವಿಶೇಷ ಅನುದಾನದ ದೊಡ್ಡ ಪಾಲೂ ಅತ್ತಲೇ ಹೋಗುತ್ತದೆ. ನೆರೆಹೊರೆಯ ಸ್ಥಳೀಯ ಸಂಸ್ಥೆಗಳ ವಿರೋಧವನ್ನು ಕೇವಲ ಭಯವೆಂದು ತಳ್ಳಿಹಾಕುವವರು ಈ ಅಸಮತೋಲನವನ್ನು ಗಮನಿಸುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

2014ರ ಏಪ್ರಿಲ್‌ನಲ್ಲಿ ಹಕೊಡಾಟೆಯು ನಿರ್ಮಾಣವನ್ನು ನಿಲ್ಲಿಸುವಂತೆ ಕೋರಿ ಕೇಂದ್ರ ಸರ್ಕಾರ ಹಾಗೂ ಓಮಾ ಸ್ಥಾವರವನ್ನು ಕಟ್ಟುತ್ತಿರುವ ಜೆ-ಪವರ್ ಕಂಪನಿಯ ವಿರುದ್ಧ ಟೋಕಿಯೊ ಜಿಲ್ಲಾ ನ್ಯಾಯಾಲಯದಲ್ಲಿ ಮೊಕದ್ದಮೆ ಹೂಡಿತು. ಅಣುಸ್ಥಾವರದ ವಿಷಯದಲ್ಲಿ ಜಪಾನಿನ ಸ್ಥಳೀಯ ಸರ್ಕಾರವೊಂದು ಕೇಂದ್ರವನ್ನು ನ್ಯಾಯಾಲಯಕ್ಕೆ ಎಳೆದದ್ದು ಅದೇ ಮೊದಲು.