ಹೆಸರು ಮುಚ್ಚಿಟ್ಟು ಮಾತನಾಡುವ ಸರ್ಕಾರ

ಶಿವಮೊಗ್ಗದ ಓದುಗರೊಬ್ಬರು ಬರೆದಿರುವ ಪತ್ರದ ಸಾರ ಇಷ್ಟು: ‘ಸರ್ಕಾರಗಳೇ ಹಣ ಕೊಟ್ಟು, ಸಾಮಾನ್ಯ ಜನರ ಸೋಗಿನಲ್ಲಿ ಜಾಲತಾಣಗಳಲ್ಲಿ ಬರೆಸುತ್ತವೆ ಎಂದು ನಿಮ್ಮ ಪತ್ರಿಕೆ ಹೇಳಿದೆ. ಪುರಾವೆ ಎಲ್ಲಿದೆ? ಬರೆಸಿದರೂ ತಪ್ಪೇನು? ರೇಡಿಯೊದಲ್ಲಿ, ಪತ್ರಿಕೆಗಳಲ್ಲಿ ಸರ್ಕಾರ ಪ್ರಚಾರ ಮಾಡುವುದಿಲ್ಲವೇ? ನಮ್ಮ ಊರಿನ ಗುಂಪುಗಳಲ್ಲಿ ದಿನವಿಡೀ ಒಂದೇ ರಾಗ ಹಾಡುವ ಕೆಲವು ಖಾತೆಗಳ ಪಟ್ಟಿ ಲಗತ್ತಿಸಿದ್ದೇನೆ. ನಿಮ್ಮ ಮಾತು ನಿಜವಾದರೆ ಇವರೂ ಕೂಲಿಯವರೇ ಇರಬೇಕು. ಹೆಸರು ಸಮೇತ ಪ್ರಕಟಿಸುವ ಧೈರ್ಯ ನಿಮಗಿದೆಯೇ?’

ಮಾನ್ಯರೇ,

ಈ ವಿಷಯದಲ್ಲಿ ಗಾಳಿಮಾತು ವಿಪರೀತ. ಆದ್ದರಿಂದ ನ್ಯಾಯಾಲಯದಲ್ಲಿ ಸಾಬೀತಾದ ಪ್ರಕರಣವನ್ನೇ ನಿಮ್ಮ ಮುಂದಿಡುತ್ತೇನೆ. ಅದು ದಕ್ಷಿಣ ಕೊರಿಯದ್ದು; ನಮ್ಮಂತೆಯೇ ಮತ ಹಾಕಿ ಸರ್ಕಾರ ಬದಲಿಸುವ ದೇಶ.

2012ರ ಡಿಸೆಂಬರ್ 11ರ ಸಂಜೆ. ಅಧ್ಯಕ್ಷೀಯ ಚುನಾವಣೆಗೆ ಎಂಟೇ ದಿನ ಬಾಕಿ. ಸೋಲ್ ನಗರದ ಗಂಗ್ನಮ್ ಪ್ರದೇಶದ ಕಟ್ಟಡವೊಂದರಲ್ಲಿ, ಮುಚ್ಚಿದ ಬಾಗಿಲ ಮುಂದೆ ವಿರೋಧ ಪಕ್ಷದವರು, ಪೊಲೀಸರು, ಚುನಾವಣಾ ಆಯೋಗದ ಸಿಬ್ಬಂದಿ, ವರದಿಗಾರರು ಜಮಾಯಿಸಿದ್ದರು. ಒಳಗಿದ್ದವರು ರಾಷ್ಟ್ರೀಯ ಗುಪ್ತಚರ ಸಂಸ್ಥೆಯ ಉದ್ಯೋಗಿ; ಅವರು ಜಾಲತಾಣಗಳಲ್ಲಿ ಚುನಾವಣೆಯ ಬಗ್ಗೆ ಗುಟ್ಟಾಗಿ ಬರೆಯುತ್ತಿದ್ದಾರೆ ಎಂಬುದು ವಿರೋಧ ಪಕ್ಷದವರ ಆರೋಪ. 13ನೇ ತಾರೀಖಿನವರೆಗೆ ಅವರು ಹೊರಗೆ ಬರಲಿಲ್ಲ. ಆಮೇಲೆ ಅವರ ಕಂಪ್ಯೂಟರ್ ಪೊಲೀಸರ ಕೈ ಸೇರಿತು. 16ರ ರಾತ್ರಿ ಅಭ್ಯರ್ಥಿಗಳ ಕೊನೆಯ ಟಿ.ವಿ. ಚರ್ಚೆ ಮುಗಿದ ಸ್ವಲ್ಪ ಹೊತ್ತಿಗೇ, 11 ಗಂಟೆಗೆ, ಪೊಲೀಸರು ಪ್ರಕಟಣೆ ಹೊರಡಿಸಿದರು: ಅಭ್ಯರ್ಥಿಗಳ ಬಗ್ಗೆ ಬರೆದ ಯಾವ ಕುರುಹೂ ಸಿಕ್ಕಿಲ್ಲ. 19ರಂದು ಮತದಾನ ನಡೆದು, ಆಡಳಿತ ಪಕ್ಷದ ಪಾರ್ಕ್ ಗ್ಯುನ್ ಹೈ ಶೇ 51.6ರಷ್ಟು ಮತ ಪಡೆದು ಗೆದ್ದರು. ವಿರೋಧ ಪಕ್ಷದ ಮೂನ್ ಜೇ ಇನ್ ಅವರಿಗೆ ಬಿದ್ದದ್ದು ಶೇ 48.

ಕುರುಹುಗಳು ಸಿಕ್ಕಿದ್ದು ಚುನಾವಣೆ ಮುಗಿದ ಮೇಲೆ. ಗುಪ್ತಚರ ಸಂಸ್ಥೆಯಲ್ಲಿ ಮನೋವೈಜ್ಞಾನಿಕ ಸಮರದ ಒಂದು ವಿಭಾಗವಿತ್ತು. ಉತ್ತರ ಕೊರಿಯದ ಅಪಪ್ರಚಾರವನ್ನು ಎದುರಿಸುವುದು ಅದರ ಕೆಲಸ ಎಂಬುದು ಸಮಜಾಯಿಷಿ. ಆದರೆ ಅಲ್ಲಿನ ನೌಕರರು ಸ್ವಂತ ದೇಶದ ಜನ ನಗೆಹನಿ ಹಂಚಿಕೊಳ್ಳುವ ತಾಣಗಳಲ್ಲೂ ಅಡ್ಡಹೆಸರಿಟ್ಟುಕೊಂಡು ಕುಳಿತಿದ್ದರು. ಸರ್ಕಾರವನ್ನು ಹೊಗಳಿ ಬರೆದದ್ದಲ್ಲದೆ, ವಿರೋಧಿಗಳಿಗೆ ಅನುಕೂಲವಾಗುವ ಬರಹಗಳು ಮೊದಲ ಪುಟಕ್ಕೆ ಏರದಂತೆ ಅಡುಗೆ, ಸಿನಿಮಾ ಸುದ್ದಿಯ ಬರಹಗಳಿಗೆ ಮೆಚ್ಚುಗೆ ಒತ್ತಿ ಅವನ್ನು ಮೇಲಕ್ಕೆ ತಳ್ಳುತ್ತಿದ್ದರು. ಟ್ವೀಟ್‌ಗಳ ಲೆಕ್ಕವಂತೂ ಲಕ್ಷಗಳಲ್ಲಿತ್ತು. 2009ರಿಂದ 2012ರವರೆಗೆ ಹೊರಗಿನವರನ್ನು ಸೇರಿಸಿಕೊಂಡು ಮೂವತ್ತರಷ್ಟು ತಂಡಗಳನ್ನು ನಡೆಸಿದ್ದು ನಿಜವೆಂದು 2017ರಲ್ಲಿ ಆ ಸಂಸ್ಥೆಯ ಆಂತರಿಕ ತನಿಖೆಯೇ ಒಪ್ಪಿಕೊಂಡಿತು. ಸಂಬಳ, ಸಂಭಾವನೆ ಎಲ್ಲವೂ ತೆರಿಗೆಯ ಹಣ.

ಸಂಸ್ಥೆಯ ಮುಖ್ಯಸ್ಥರಾಗಿದ್ದ ವೊನ್ ಸೇ ಹೂನ್ ಅವರಿಗೆ 2014ರಲ್ಲಿ ಅಮಾನತಿನಲ್ಲಿಟ್ಟ ಶಿಕ್ಷೆಯಷ್ಟೇ ಆಯಿತು. ಮೇಲ್ಮನವಿ ನ್ಯಾಯಾಲಯ 2015ರಲ್ಲಿ ಮೂರು ವರ್ಷ ಜೈಲು ವಿಧಿಸಿತು. ಸುಪ್ರೀಂ ಕೋರ್ಟ್ ಸಾಕ್ಷ್ಯದ ಪ್ರಶ್ನೆ ಎತ್ತಿ ಪ್ರಕರಣವನ್ನು ಹಿಂದಕ್ಕೆ ಕಳುಹಿಸಿತು. 2017ರಲ್ಲಿ ನಾಲ್ಕು ವರ್ಷ ಜೈಲು, 2018ರ ಏಪ್ರಿಲ್‌ನಲ್ಲಿ ಅದೇ ಖಾಯಂ. ಒಂದು ಮುಚ್ಚಿದ ಬಾಗಿಲಿನಿಂದ ಅಂತಿಮ ತೀರ್ಪಿಗೆ ಐದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ತನಿಖೆಯ ನೇತೃತ್ವ ವಹಿಸಿದ್ದ ಯೂನ್ ಸುಕ್ ಯೋಲ್ ಅವರನ್ನು 2013ರಲ್ಲಿ ಆ ಕೆಲಸದಿಂದ ಸರಿಸಲಾಗಿತ್ತು. ಮುಂದೆ ಅಧ್ಯಕ್ಷರಾದ ಅವರೇ 2024ರಲ್ಲಿ ಸೇನಾಡಳಿತ ಹೇರಲು ಹೋಗಿ ಪದಚ್ಯುತರಾದರು. ಹಾಗಾಗಿ ಸತ್ಯವಂತ ವೀರನೊಬ್ಬನ ಕಥೆಯಾಗಿ ಇದನ್ನು ಓದಬೇಡಿ. ಅನ್ಯಾಯಕ್ಕೊಳಗಾದ ಪಾಳೆಯವೂ ಶುದ್ಧವಾಗಿ ಉಳಿಯಲಿಲ್ಲ. ಮೂನ್ ಅವರ ಆಪ್ತ ಕಿಮ್ ಕ್ಯೂಂಗ್ ಸೂ, ಕೊರಿಯದ ಜನ ಸುದ್ದಿ ಓದುವ ನೇವರ್ ಜಾಲತಾಣದ ಕಾಮೆಂಟ್‌ಗಳಿಗೆ ಯಂತ್ರದ ಮೂಲಕ ಮೆಚ್ಚುಗೆ ಒತ್ತಿಸಿದ ಸಂಚಿನಲ್ಲಿ 2021ರಲ್ಲಿ ಜೈಲಿಗೆ ಹೋದರು.

ಚೀನಾದಲ್ಲಿ ಕೋರ್ಟು ಇದನ್ನು ಕೇಳುವುದಿಲ್ಲ, ಅಲ್ಲಿ ಗುಟ್ಟು ಹೊರಬಿದ್ದದ್ದು ಸೋರಿಕೆಯಿಂದ. ಜಿಯಾಂಗ್‌ಶಿ ಪ್ರಾಂತ್ಯದ ಝಾಂಗ್‌ಗಾಂಗ್ ಜಿಲ್ಲೆಯ ಪ್ರಚಾರ ಕಚೇರಿಯ ಇಮೇಲ್‌ಗಳನ್ನು ಇಟ್ಟುಕೊಂಡು ಅಮೆರಿಕದ ಸಂಶೋಧಕರಾದ ಗ್ಯಾರಿ ಕಿಂಗ್, ಜೆನ್ನಿಫರ್ ಪ್ಯಾನ್, ಮಾರ್ಗರೆಟ್ ರಾಬರ್ಟ್ಸ್ ಅಧ್ಯಯನ ನಡೆಸಿ 2017ರಲ್ಲಿ ಪ್ರಕಟಿಸಿದರು. ಅವರ ಅಂದಾಜಿನಲ್ಲಿ, ಇಡೀ ದೇಶದಲ್ಲಿ ಸರ್ಕಾರ ಹೀಗೆ ಬರೆಸುವ ಪೋಸ್ಟ್‌ಗಳು ವರ್ಷಕ್ಕೆ 44.8 ಕೋಟಿ. ಬರೆಯುವವರು ಬಹುಪಾಲು ಬೇರೆ ಬೇರೆ ಇಲಾಖೆಗಳ ನೌಕರರೇ. ನನ್ನನ್ನು ಹೆಚ್ಚು ಕಾಡಿದ್ದು ಸಂಖ್ಯೆಯಲ್ಲ. ಆ ಬರಹಗಳು ಟೀಕಾಕಾರರೊಂದಿಗೆ ವಾದಕ್ಕೇ ಇಳಿಯುವುದಿಲ್ಲ. ದೇಶದ ಗುಣಗಾನ, ಹಬ್ಬದ ಶುಭಾಶಯ, ಹುತಾತ್ಮರ ಸ್ಮರಣೆಗಳನ್ನು ಹರಿಯಬಿಟ್ಟು ಗಮನವನ್ನು ಬೇರೆಡೆ ಸೆಳೆಯುತ್ತವೆ. ಕೊರಿಯದ ಅಡುಗೆ ಬರಹಗಳು ಮಾಡಿದ್ದೂ ಇದನ್ನೇ.

ಇನ್ನು, ತಪ್ಪೇನು ಎಂಬ ಪ್ರಶ್ನೆ. ಸರ್ಕಾರ ತನ್ನ ಕೆಲಸವನ್ನು ಹೇಳಿಕೊಳ್ಳಲಿ, ಅದರಲ್ಲಿ ತಪ್ಪಿಲ್ಲ. ಪತ್ರಿಕೆಯ ಜಾಹೀರಾತಿನಲ್ಲಿ ಇಲಾಖೆಯ ಮುದ್ರೆ ಇರುತ್ತದೆ. ಇದು ಸರ್ಕಾರದ ಮಾತು ಎಂದು ಅರಿತೇ ನೀವು ಓದುತ್ತೀರಿ, ಬೇಕಾದಷ್ಟನ್ನು ನಂಬುತ್ತೀರಿ. ನಮ್ಮ ಚುನಾವಣೆಗಳಲ್ಲಿ ಹಂಚುವ ಕರಪತ್ರವನ್ನು ತಿರುಗಿಸಿ ನೋಡಿ, ಕೆಳಗೆ ಮುದ್ರಕರ, ಪ್ರಕಾಶಕರ ಹೆಸರು, ವಿಳಾಸ ಇರುತ್ತದೆ. 1951ರ ಜನಪ್ರತಿನಿಧಿ ಕಾಯ್ದೆಯ 127ಎ ಕಲಂ ಅದನ್ನು ಕಡ್ಡಾಯ ಮಾಡಿದೆ. ಗ್ರಾಮದ ಗೋಡೆಗೆ ಅಂಟಿಸುವ ಭಿತ್ತಿಪತ್ರಕ್ಕೂ ಇರುವ ಈ ಹೊಣೆಯಿಂದ, ಲಕ್ಷಾಂತರ ಮೊಬೈಲ್‌ಗಳಿಗೆ ನುಗ್ಗುವ ಸರ್ಕಾರಿ ಮಾತು ತಪ್ಪಿಸಿಕೊಳ್ಳುವುದನ್ನು ನಾನು ಒಪ್ಪಲಾರೆ. ನಾನು ಕಟ್ಟಿದ ತೆರಿಗೆಯಲ್ಲಿ ಸಂಬಳ ಪಡೆಯುವವರು ನನ್ನ ನೆರೆಯವರ ಮುಖವಾಡ ತೊಟ್ಟು ನನ್ನನ್ನೇ ವಂಚಿಸುವುದು ಪ್ರಚಾರವಲ್ಲ, ದ್ರೋಹ. ಅದರ ಪೆಟ್ಟು ಬೀಳುವುದು ಪ್ರಾಮಾಣಿಕವಾಗಿ ಸರ್ಕಾರವನ್ನು ಮೆಚ್ಚುವವರ ಮೇಲೂ. ಮನಸ್ಸಿನಿಂದ ಹೊಗಳಿದವರನ್ನೂ ಜನ ‘ಎಷ್ಟು ಕೊಟ್ಟರು?’ ಎಂದು ಕೇಳುತ್ತಾರೆ.

ನಿಮ್ಮ ಪಟ್ಟಿಯನ್ನು ನಾವು ಪ್ರಕಟಿಸುವುದಿಲ್ಲ. ಧೈರ್ಯದ ಮಾತಲ್ಲ ಇದು. ದಿನವಿಡೀ ಒಂದೇ ರಾಗ ಹಾಡುವವರು ನಿವೃತ್ತರಿರಬಹುದು, ನಿಷ್ಠಾವಂತ ಕಾರ್ಯಕರ್ತರಿರಬಹುದು. ಬರಹ ನೋಡಿ ಕೂಲಿಯನ್ನು ಹೇಳಲು ಬರುವುದಿಲ್ಲ. ಕೊರಿಯದಲ್ಲೂ ಅದನ್ನು ಹೇಳಿದ್ದು ಕಂಪ್ಯೂಟರ್‌ಗಳು, ಇಮೇಲ್‌ಗಳು, ವಿಚಾರಣೆಯಲ್ಲಿ ನಿಂತ ಸಾಕ್ಷಿಗಳು.

ಹುಡುಕಬೇಕಾದದ್ದು ಹಣದ ದಾರಿಯನ್ನು. ಮಾಹಿತಿ ಹಕ್ಕು ಕಾಯ್ದೆಯಡಿ ಯಾವುದೇ ಇಲಾಖೆಗೆ ಅರ್ಜಿ ಹಾಕಿ ಕೇಳಿ: ಜಾಲತಾಣ ನಿರ್ವಹಣೆಯ ಗುತ್ತಿಗೆ ಯಾರಿಗೆ, ಎಷ್ಟು ಹಣಕ್ಕೆ, ಅವರು ನಡೆಸುವ ಖಾತೆಗಳು ಯಾವುವು? ಗುಪ್ತಚರ ಸಂಸ್ಥೆಗಳಿಗೆ ಈ ಕಾಯ್ದೆಯ 24ನೇ ಕಲಂ ವಿನಾಯಿತಿ ಕೊಟ್ಟಿದೆ, ಅಲ್ಲಿಗೆ ನಿಮ್ಮ ಅರ್ಜಿ ಮುಟ್ಟುವುದು ಕಷ್ಟ. ಅದನ್ನು ಸದನದಲ್ಲಿ ಪ್ರತಿನಿಧಿಗಳೇ ಕೇಳಬೇಕು. ಉಳಿದ ಇಲಾಖೆಗಳು ಸಾಮಾನ್ಯವಾಗಿ 30 ದಿನಗಳಲ್ಲಿ ಉತ್ತರಿಸಬೇಕು. ಬಂದ ಉತ್ತರವನ್ನು, ಬಾರದಿದ್ದರೆ ಅರ್ಜಿಯ ಪ್ರತಿಯನ್ನು ನಮಗೆ ಕಳುಹಿಸಿ. ಅದನ್ನು ಇಲಾಖೆಯ ಹೆಸರು ಸಮೇತ ಪ್ರಕಟಿಸುತ್ತೇವೆ.

– ಸಂಪಾದಕ