ಜಾಕ್ಸನ್ ಹೈಟ್ಸ್‌ನ ಹಳೇ ಬಿಲ್ಡಿಂಗು, ಗೋಡೆಯೊಳಗಿನ ಸುತ್ತಿಗೆ

"ಅಕ್ಕಾ, ನ್ಯೂಯಾರ್ಕಿನ ಜಾಕ್ಸನ್ ಹೈಟ್ಸ್‌ನಲ್ಲಿ ಒಂದು ಮನೆ ನೋಡಿದೆ, ನೂರು ವರ್ಷದ ಬಿಲ್ಡಿಂಗಂತೆ, ಬಾಡಿಗೆಗೆ ತಗೊಳ್ಳಲೋ ಬೇಡವೋ? ನೋಡೋಕೆ ಹೋದಾಗ ಗೋಡೆಯೊಳಗೆ ಯಾರೋ ಸುತ್ತಿಗೇಲಿ ಬಡಿದಂಗಾಯ್ತು. ಬ್ರೋಕರ್ ಮಾತ್ರ ಪ್ರೀವಾರ್, ಪ್ರೀವಾರ್ ಅಂತ ಬೀಗ್ತಿದ್ದ" ಅಂತ ಕೇಳಿದ್ದೀಯ. ಆ ವಾರ್ ಅಂದ್ರೆ ಎರಡನೇ ಮಹಾಯುದ್ಧ ತಮ್ಮಾ. ಅದಕ್ಕಿಂತ ಮೊದಲು ಕಟ್ಟಿದ್ದು ಅಂತ, ಅಷ್ಟೇ. ನಾನಾಗಿದ್ರೆ ತಗೊಳ್ತಿದ್ದೆ. ಆದ್ರೆ ಲಾಬಿಯ ಅಮೃತಶಿಲೆ ನೋಡಿ ಅಲ್ಲ, ಗಾಳಿ ಬೆಳಕು, ತೋಟ ನೋಡಿ.

ಮ್ಯಾನ್‌ಹ್ಯಾಟನ್ನಿನ ಹಳೇ ಟೆನೆಮೆಂಟುಗಳಲ್ಲಿ, ಅಂದ್ರೆ ಬಡವರ ಕಿಕ್ಕಿರಿದ ಬಾಡಿಗೆ ಕಟ್ಟಡಗಳಲ್ಲಿ, ಒಳಕೋಣೆಗಳಿಗೆ ಗಾಳಿ ಬೆಳಕಿಗೇ ಬರ. 1901ರ ಕಾನೂನು ಬಂದ ಮೇಲೆ ಹೊಸದಾಗಿ ಕಟ್ಟುವವರು ಕೋಣೆಗೊಂದು ಕಿಟಕಿ, ಮನೆಗೊಂದು ಕಕ್ಕಸು ಕೊಡಲೇಬೇಕಾಯ್ತು. ಇತ್ತ ಜಾಕ್ಸನ್ ಹೈಟ್ಸ್ ಇರೋ ಕ್ವೀನ್ಸ್‌ನಲ್ಲಿ ಆಗ ಹೊಲಗದ್ದೆ. 1909ರಲ್ಲಿ ಕ್ವೀನ್ಸ್‌ಬರೋ ಸೇತುವೆ ಆಗಿ ಮ್ಯಾನ್‌ಹ್ಯಾಟನ್ನಿಗೆ ದಾರಿಯಾಯ್ತು, 1917ರಲ್ಲಿ ರೈಲೂ ಬಂತು, ನೀನು ದಿನಾ ಹತ್ತೋ 7ನೇ ನಂಬರಿನದ್ದೇ. ಎಡ್ವರ್ಡ್ ಮ್ಯಾಕ್‌ಡೂಗಲ್ ಅನ್ನೋರ ಕ್ವೀನ್ಸ್‌ಬರೋ ಕಾರ್ಪೊರೇಷನ್ ಅಲ್ಲಿ ಜಮೀನು ಕೊಂಡು, ಬ್ಲಾಕಿನ ಅಂಚಿಗೆ ಮನೆ, ನಟ್ಟನಡುವೆ ತೋಟ ಅನ್ನೋ ಲೆಕ್ಕದಲ್ಲಿ ಕಟ್ಟಿಸ್ತು. 34ನೇ ಅವೆನ್ಯೂದಲ್ಲಿ ಶಾಟೋ (1922), ಟವರ್ಸ್ (1924) ಅನ್ನೋ ಬಿಲ್ಡಿಂಗುಗಳನ್ನ ನೋಡು. ಎರಡೂ ಆಂಡ್ರ್ಯೂ ಥಾಮಸ್ ಅನ್ನೋ ವಾಸ್ತುಶಿಲ್ಪಿಯದ್ದು. ಬೀದಿಯಿಂದ ಬರೀ ಇಟ್ಟಿಗೆ ಕಾಣುತ್ತೆ, ಅಡುಗೆಮನೆ ಕಿಟಕಿಗೆ ಹೋದ್ರೆ ಕೆಳಗೆ ತೋಟ. ಆಗ ಇಲ್ಲಿ ಯಹೂದಿಗಳಿಗೂ ಕಪ್ಪು ಜನರಿಗೂ ಮನೆ ಕೊಡ್ತಿರಲಿಲ್ಲ. ಈಗ 74ನೇ ಬೀದೀಲಿ ನಮ್ಮವರದೇ ದರ್ಬಾರು. ಆ ಕಂಪನಿಯವರು ಬಂದು ನೋಡ್ಬೇಕಿತ್ತು.

ಇನ್ನು ನಿನ್ನ ಸುತ್ತಿಗೆ. ಇಂಥ ಬಿಲ್ಡಿಂಗುಗಳಲ್ಲಿ ಸಾಮಾನ್ಯವಾಗಿ ಕೋಣೆ ಬೆಚ್ಚಗಿಡೋ ಕಬ್ಬಿಣದ ರೇಡಿಯೇಟರಿಗೆ ಒಂದೇ ಪೈಪು. ನೆಲಮಾಳಿಗೆಯ ಬಾಯ್ಲರಿನಿಂದ ಉಗಿ ಅದರಲ್ಲೇ ಮೇಲೆ ಬರುತ್ತೆ, ತಣಿದು ನೀರಾಗಿ ಅದರಲ್ಲೇ ಇಳಿಯುತ್ತೆ. ರೇಡಿಯೇಟರು ಪೈಪಿನ ಕಡೆಗೆ ಸ್ವಲ್ಪ ವಾಲಿರಬೇಕು. ವಾಲದಿದ್ರೆ ನೀರು ಒಳಗೇ ನಿಂತು, ಉಗಿ ಅದನ್ನ ತಳ್ಳಿ ಕಬ್ಬಿಣಕ್ಕೆ ಅಪ್ಪಳಿಸುತ್ತೆ. ನಾನು ಮೊದಲ ಚಳಿಗಾಲ ಸೆಕೆ ಜಾಸ್ತಿ ಅಂತ ವಾಲ್ವನ್ನ ಅರ್ಧ ತಿರುಗಿಸಿಟ್ಟಿದ್ದೆ. ರಾತ್ರಿಯಿಡೀ ಠಣ್ ಠಣ್, ಬೆಳಿಗ್ಗೆ ನೋಡಿದ್ರೆ ಮರದ ನೆಲವೆಲ್ಲ ಒದ್ದೆ. ಬಿಲ್ಡಿಂಗ್ ನೋಡ್ಕೊಳ್ಳೋ ಸೂಪರ್ ಬಂದ, ಏನೂ ಮಾತಾಡದೆ ವಾಲ್ವನ್ನ ಪೂರ್ತಿ ತೆರೆದ, ಆಚೆ ಕಡೆಯ ಕಾಲುಗಳ ಕೆಳಗೆ ಎರಡು ಮರದ ಚೂರು ತುರುಕಿದ. ಅವತ್ತೇ ಸದ್ದು ನಿಂತ್ಹೋಯ್ತು. ವಾಲ್ವು ಪೂರ್ತಿ ತೆರೆದಿರಬೇಕು, ಇಲ್ಲಾ ಪೂರ್ತಿ ಮುಚ್ಚಿರಬೇಕು. ಪಕ್ಕದ ಪುಟ್ಟ ಗಾಳಿವಾಲ್ವು ಬುಸ್ ಅಂದ್ರೆ ಹೆದರ್ಬೇಡ, ಅದರ ಕೆಲಸವೇ ಅದು.

ಶಾಖ ಕೊಡೋದು ಓನರ್ ಜವಾಬ್ದಾರಿ. ಅಕ್ಟೋಬರ್ 1ರಿಂದ ಮೇ 31ರವರೆಗೆ, ಹಗಲು ಹೊರಗೆ 55 ಡಿಗ್ರಿ ಫ್ಯಾರನ್‌ಹೀಟಿಗಿಂತ ಕೆಳಗಿಳಿದ್ರೆ ಒಳಗೆ 68 ಇರಲೇಬೇಕು. ರಾತ್ರಿ, ಹೊರಗೆ ಎಷ್ಟೇ ಇರಲಿ, 62.

ಮಗೂಗೆ ಎರಡು ವರ್ಷ ಅಂದೆಯಲ್ಲ, ಅಲ್ಲಿ ಮಾತ್ರ ಸಡಿಲ ಬಿಡಬೇಡ. ಈ ಊರಲ್ಲಿ ಮನೆಗೆ ಸೀಸದ ಬಣ್ಣ ಬಳಿಯೋದನ್ನ ನಿಲ್ಲಿಸಿದ್ದು 1960ರಲ್ಲಿ. ಸೀಸ ಮಕ್ಕಳಿಗೆ ವಿಷ, ನಿನ್ನ ಬಿಲ್ಡಿಂಗು ಅದಕ್ಕಿಂತ ಹಳೇದು. ಸಹಿ ಹಾಕೋ ಮೊದಲೇ ಮಗು ಇದೆ ಅಂತ ಬರವಣಿಗೇಲಿ ತಿಳಿಸು, ಕಿಟಕಿಗೆ ಸರಳು ಹಾಕಿಸ್ಕೋ. ಮತ್ತೊಮ್ಮೆ ನೋಡೋಕೆ ಹೋದಾಗ ಪ್ರತಿ ಕಿಟಕೀನೂ ಮೇಲಕ್ಕೆತ್ತಿ ಇಳಿಸು. ಚೌಕಟ್ಟಿನ ಹತ್ರ ಹಳೇ ಬಣ್ಣ ಹಪ್ಪಳದ ಥರ ಎದ್ದಿದ್ರೆ, ಪುಡಿ ಉದುರಿದ್ರೆ, ಅದನ್ನ ಸರಿಮಾಡಿಸಿಕೊಡೋವರೆಗೂ ಚೆಕ್ ಬರೀಬೇಡ.